ಹುಬ್ಬಿನ ಮೇಲಿನ ಕಿಂಡಿ

ವೈದ್ಯಕೀಯ ಕಾಲೇಜಿನ ಎರಡನೇ ಮಹಡಿಯಲ್ಲಿ, ಶವಚ್ಛೇದನದ ಹಾಲ್ ದಾಟಿ ಎಡಕ್ಕೆ ತಿರುಗಿದರೆ, ಕೊನೆಯ ಬಾಗಿಲು ಮೂಳೆಕೋಣೆಯದು. ಅದರ ಬೀಗದಕೈ ಹನ್ನೆರಡು ವರ್ಷದಿಂದ ಒಬ್ಬಳ ಕೈಯಲ್ಲೇ ಇತ್ತು. ಡಾಕ್ಟರಿಕೆ ಓದಲು ಬಂದವರೆಲ್ಲ ಅವಳನ್ನು ಮೂಳೆಯಕ್ಕ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಮೂಳೆಗಳ ಧೂಳು ಒರೆಸುವುದು, ಅಳಿಸಿಹೋದ ನಂಬರನ್ನು ಕಪ್ಪು ಮಸಿಯಲ್ಲಿ ಮತ್ತೆ ಬರೆಯುವುದು, ಸಡಿಲಾದ ಹಲ್ಲನ್ನು ಅಂಟು ಹಾಕಿ ಕೂರಿಸುವುದು, ಪರೀಕ್ಷೆ ಹತ್ತಿರ ಬಂದಾಗ ಪೆಟ್ಟಿಗೆಗಟ್ಟಲೆ ಮೂಳೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಅವಳ ಕೆಲಸ. ಅದಕ್ಕೂ ಮೊದಲು ಒಂದು ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಸಣ್ಣದನ್ನು ಕೆಡಿಸದೆ ಹಿಡಿಯುವ ಕೈ ಅಲ್ಲಿಂದ ಬಂದದ್ದು.

ಆ ಕೈ ಅವಳ ಅತ್ತೆಗೆ ಆಗುತ್ತಿರಲಿಲ್ಲ.

ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ನೂರಾರು ತೂತುಗಳಲ್ಲಿ ಸರಿಯಾದ ಒಂದಕ್ಕೆ ಪ್ಲಗ್ ಚುಚ್ಚಿ, ಗುರುತಿಲ್ಲದವರನ್ನು ಗುರುತಿಲ್ಲದವರಿಗೆ ಜೋಡಿಸಿದವರು. ಮಾತು ಕಡ್ಡಿ ಮುರಿದಂತೆ. ಸೊಸೆ ಕಾಲೇಜಿನ ಕೆಲಸಕ್ಕೆ ಸೇರಿದ ದಿನವೇ ಹೇಳಿಬಿಟ್ಟಿದ್ದರು: "ಅಡುಗೆ ಮಾಡು, ತಿಂತೀನಿ. ಬಟ್ಟೆ ಒಗೆ, ಹಾಕ್ಕೋತೀನಿ. ಸತ್ತೋರ ತಲೆ ಒರೆಸಿದ ಕೈಲಿ ನನ್ನ ಮುಖ ಮಾತ್ರ ಮುಟ್ಟಬೇಡ." ಆ ಮಾತು ಹಾಗೇ ನಡೆದುಕೊಂಡು ಬಂತು. ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ಹೋದರೂ ಅತ್ತೆ ಮುಖ ಆ ಕಡೆ ತಿರುಗಿಸಿ, "ಥರ್ಮಾಮೀಟರ್ ಇದೆಯಲ್ಲ, ಅದನ್ನ ಕೊಡು" ಎನ್ನುತ್ತಿದ್ದರು.

ಆರು ವರ್ಷದ ಹಿಂದೆ ಬೀರುವಿನ ಬಾಗಿಲು ಅತ್ತೆಯ ಬಲಹುಬ್ಬಿನ ಮೇಲೆ ಬಡಿಯಿತು. ಗಾಯ ವಾರದಲ್ಲಿ ಮಾಯಿತು. ನೋವು ಮಾಯಲಿಲ್ಲ. ಹುಬ್ಬಿನ ಮೇಲೆ ಎಲ್ಲೋ ಶುರುವಾಗಿ, ಕಾಯಿಸಿದ ತಂತಿ ಎಳೆದಂತೆ ನೆತ್ತಿಯವರೆಗೆ ಹೋಗುತ್ತಿತ್ತು. ಫ್ಯಾನಿನ ಗಾಳಿ ತಾಗಿದರೂ ಆಗದು, ದಿಂಬು ತಾಗಿದರೂ ಆಗದು. ಬಲಗಡೆ ತಲೆ ಬಾಚುವುದನ್ನೇ ಬಿಟ್ಟರು. ಎಡಗಡೆ ಮೊದಲಿನಂತೆ ನೀಟು, ಬಲಗಡೆ ಹಕ್ಕಿಗೂಡು.

ದೊಡ್ಡಾಸ್ಪತ್ರೆಯಲ್ಲಿ ನೋವಿಗೆಂದೇ ಒಬ್ಬ ಡಾಕ್ಟರ್ ಇದ್ದರು. ಒಳ್ಳೆಯ ಮನುಷ್ಯ. ಸ್ಕ್ಯಾನ್ ಮಾಡಿಸಿದರು, ಮೂಳೆ ಮುರಿದಿಲ್ಲ ಎಂದರು. ಹುಬ್ಬಿನ ಅಂಚಿನಲ್ಲಿ ನರ ಹೊರಬರುವ ಜಾಗಕ್ಕೆ ಮರಗಟ್ಟಿಸುವ ಔಷಧಿ ಚುಚ್ಚಿದರು. ಹುಬ್ಬು ಮರಗಟ್ಟಿತು, ನೋವು ಹಾಗೇ ಇತ್ತು. ತಿಂಗಳು ಬಿಟ್ಟು ಇನ್ನೊಮ್ಮೆ ಚುಚ್ಚಿದರು. ಆಗಲೂ ಅಷ್ಟೇ. ಕೊನೆಗೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು, "ಔಷಧಿ ನರಕ್ಕೆ ಸರಿಯಾಗೇ ಹೋಗಿದೆ ಅಮ್ಮ. ಆದ್ರೂ ನೋವಿದೆ ಅಂದ್ರೆ ಇದು ನರದ್ದಲ್ಲ, ಮನಸ್ಸಿಂದಿರಬಹುದು" ಎಂದರು.

ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತ ಅತ್ತೆ ಹೇಳಿದರು: "ಬೇರೆ ಯಾವುದೋ ಲೈನಿಗೆ ಪ್ಲಗ್ ಹಾಕಿ, ಫೋನ್ ಯಾರೂ ಎತ್ತುತ್ತಿಲ್ಲ, ಆ ಮನೇಲಿ ಜನಾನೇ ಇಲ್ಲ ಅಂದ ಹಾಗಾಯ್ತು."

ಜೊತೆಗಿದ್ದ ಮಗ, ಸೊಸೆ ಇಬ್ಬರೂ ನಗಲಿಲ್ಲ. ಮಗ ಬಸ್ ಡ್ರೈವರ್. ದಿನವಿಡೀ ರಸ್ತೆಯ ಗಲಾಟೆಯಲ್ಲಿ ಬೆಂದು ಬರುವವನು. ಮನೆಗೆ ಬಂದ ಮೇಲೆ ಹೆಂಡತಿಯ ಹತ್ತಿರ ಮೆಲ್ಲಗೆ, "ರಿಟೈರ್ ಆದ್ಮೇಲೆ ಅಮ್ಮಂಗೆ ಹೊತ್ತು ಹೋಗಲ್ಲ, ಅದಕ್ಕೇ ಇದೆಲ್ಲ" ಎಂದ. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆದರೆ ಅವಳ ಮನಸ್ಸು ಅವನ ಕಡೆಗೇ ವಾಲಿತ್ತು. ಆಮೇಲೆ ಅತ್ತೆ "ಅಯ್ಯೋ" ಎಂದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ಮುಗಿಸಿಕೊಂಡೇ ಏಳುತ್ತಿದ್ದಳು.

ಹೀಗಿರುವಾಗ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಹೊಸ ಅಧ್ಯಾಪಕಿ ಬಂದರು. ಕೈಯಲ್ಲಿ ಸದಾ ಒಂದು ವರ್ನಿಯರ್ ಕ್ಯಾಲಿಪರ್. ಮೊದಲ ವಾರದಲ್ಲೇ ಅವರಿಗೆ ಅಳತೆ ಮೇಡಂ ಎಂಬ ಹೆಸರು ಬಿತ್ತು. ಒಂದು ಬೆಳಿಗ್ಗೆ ಮೂಳೆಕೋಣೆಗೆ ಬಂದು, "ಅಕ್ಕ, ನನಗೆ ತಲೆಬುರುಡೆಗಳು ಬೇಕು" ಎಂದರು.

"ಎಷ್ಟು ಬೇಕು ಮೇಡಂ?"

"ಎಷ್ಟಿವೆ?"

"ದವಡೆ ಸಮೇತ ಪೂರ್ತಿ ಇರೋವು ನೂರಾ ಹನ್ನೆರಡು."

"ದವಡೆ ಬೇಡ. ಹುಬ್ಬು ಸಾಕು. ನೂರಾ ಹನ್ನೆರಡೂ ಬೇಕು."

ಯಾಕೆಂದು ಅವಳು ಕೇಳಿದಳು. ಮೇಡಂ ವಿವರಿಸಲಿಲ್ಲ, ಮಾಡಿಸಿಯೇ ತೋರಿಸಿದರು. "ನಿಮ್ಮ ಕಣ್ಣುಗೂಡಿನ ಮೇಲಂಚು ಇದೆಯಲ್ಲ, ಹುಬ್ಬಿನ ಕೆಳಗೆ? ಮೂಗಿನ ಕಡೆಯಿಂದ ಬೆರಳನ್ನ ನಿಧಾನಕ್ಕೆ ಹೊರಗೆ ಸರಿಸಿ. ಸಣ್ಣ ಹಳ್ಳ ಸಿಗುತ್ತೆ." ಅವಳು ಸರಿಸಿದಳು. ಸಿಕ್ಕಿತು. ಉಗುರಿನ ತುದಿಯಷ್ಟು ಅಗಲದ ಒಂದು ಕಚ್ಚು. ಒತ್ತಿದರೆ ಹಣೆಯೆಲ್ಲ ಸಣ್ಣಗೆ ಜುಮ್ಮೆಂದಿತು. ನಲವತ್ತೇಳು ವರ್ಷ ಆ ಮುಖವನ್ನು ತೊಳೆದಿದ್ದಳು, ಒರೆಸಿದ್ದಳು. ಅದು ಅಲ್ಲಿರುವುದು ಗೊತ್ತಿರಲಿಲ್ಲ.

"ಆ ಜುಮ್ಮಂದಿದ್ದು ನರ" ಎಂದರು ಮೇಡಂ. "ಕಣ್ಣಿನ ಗೂಡಿಂದ ಅಲ್ಲಿ ಹೊರಗೆ ಬಂದು, ಹಣೆ ಹತ್ತಿ ನೆತ್ತಿವರೆಗೂ ಹೋಗುತ್ತೆ. ಕೆಲವರಿಗೆ ಅದು ಹೀಗೆ ಅಂಚಿನಲ್ಲಿ ಕಚ್ಚು. ಕೆಲವರಿಗೆ ಸುತ್ತ ಮೂಳೆ ಮುಚ್ಚಿಕೊಂಡ ಕಿಂಡಿ. ಯಾರಿಗೆ ಯಾವುದು, ಎಲ್ಲಿ, ಎಷ್ಟು, ಅದನ್ನ ನೋಡಬೇಕು."

ನೆತ್ತಿವರೆಗೆ ಎಂದ ಕೂಡಲೇ ಅವಳಿಗೆ ಅತ್ತೆಯ ನೆನಪಾಯಿತು. ಆದರೆ ಆ ನರಕ್ಕೆ ಎರಡು ಸಲ ಔಷಧಿ ಹೋಗಿದೆಯಲ್ಲ ಎಂದುಕೊಂಡು ಸುಮ್ಮನಾದಳು.

ವಿಭಾಗದ ಮುಖ್ಯಸ್ಥರು, ದೊಡ್ಡ ಮೇಷ್ಟ್ರು, ಬಾಗಿಲಲ್ಲಿ ನಿಂತು ನೋಡಿ ನಕ್ಕರು. "ಬೆಟ್ಟ ಅಗೆದು ಇಲಿ ಹಿಡಿಯೋ ಕೆಲಸ ಇದು. ಅಲ್ಲಿ ತೂತಿದೆ ಅಂತ ನಮ್ಮ ಮೇಷ್ಟ್ರ ಮೇಷ್ಟ್ರಿಗೂ ಗೊತ್ತಿತ್ತು."

"ಇದೆ ಅಂತ ಗೊತ್ತಿತ್ತು ಸರ್. ನಾನು ನೋಡ್ತಿರೋದು ಎಲ್ಲಿ ಅಂತ" ಎಂದರು ಮೇಡಂ, ತಲೆಯೆತ್ತದೆ.

ದಿನಕ್ಕೆ ನಾಲ್ಕೈದರಂತೆ ಕೆಲಸ ಶುರುವಾಯಿತು. ಮೂಳೆಯಕ್ಕ ಬುರುಡೆಯನ್ನು ಮರಳುಚೀಲದ ಮೇಲೆ ಅಲುಗದಂತೆ ಕೂರಿಸಿ, ಹುಬ್ಬಿನ ಅಂಚನ್ನು ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ, ಸಣ್ಣ ನೈಲಾನ್ ಎಳೆಯನ್ನು ಕಿಂಡಿಯೊಳಗೆ ತೂರಿಸುವಳು. ಮೇಡಂ ಅಳೆದು ಬರೆದುಕೊಳ್ಳುವರು. ಎಳೆ ತೂರಿಸುವುದು ಮೊದಲು ಮೇಡಂ ಕೆಲಸವಾಗಿತ್ತು. ಮೂರನೆಯ ದಿನ ಅವರೇ ಸೋತು, "ನಿಮ್ಮ ಕೈಗೆ ಗೊತ್ತು ಬಿಡಿ" ಎಂದು ಕೊಟ್ಟುಬಿಟ್ಟಿದ್ದರು.

ಹನ್ನೆರಡು ವರ್ಷ ಈ ಬುರುಡೆಗಳನ್ನು ಒರೆಸಿದವಳು ಅವಳು. ನಂಬರ್ ನೋಡದೆಯೇ ಯಾವುದು ಯಾವ ಕಪಾಟಿನದು ಎಂದು ಹೇಳುವಳು. ಆದರೂ ಇದನ್ನು ನೋಡಿರಲಿಲ್ಲ. ಒಂದಕ್ಕೆ ಎರಡೂ ಕಡೆ ಕಚ್ಚು. ಇನ್ನೊಂದಕ್ಕೆ ಎಡಗಡೆ ಕಚ್ಚು, ಬಲಗಡೆ ಸಾಸಿವೆಯಷ್ಟು ಕಿಂಡಿ. ಒಂದರಲ್ಲಿ ಕಚ್ಚಿನ ಎರಡು ಮೂಳೆಮುಳ್ಳುಗಳು ಒಂದನ್ನೊಂದು ಮುಟ್ಟಲು ಬಂದು, ಕೂದಲೆಳೆಯಷ್ಟು ಅಂತರದಲ್ಲಿ ನಿಂತುಬಿಟ್ಟಿದ್ದವು. ಬದುಕಿದ್ದಾಗ ಆ ಅಂತರಕ್ಕೆ ನಾರಿನ ಸೇತುವೆ ಇರುತ್ತದೆ ಎಂದರು ಮೇಡಂ. ಒಂದೇ ಹಣೆಯ ಎರಡು ಪಕ್ಕಗಳು ಒಂದೇ ಥರ ಇರಬೇಕೆಂಬ ನಿಯಮವೇ ಅಲ್ಲಿರಲಿಲ್ಲ.

ಒಂದು ಮಧ್ಯಾಹ್ನ ಮೇಡಂ ಕಿಟಕಿಯ ಕಪ್ಪು ಪರದೆ ಎಳೆಸಿದರು. ಪೆನ್ನಿನಂಥ ಸಣ್ಣ ಟಾರ್ಚನ್ನು ಒಂದು ಬುರುಡೆಯ ಕಣ್ಣುಗೂಡಿನೊಳಗೆ ಮೇಲ್ಮುಖವಾಗಿ ಹಿಡಿದರು. ಗೂಡಿನ ಚಾವಣಿ ಎಷ್ಟು ತೆಳುವೆಂದರೆ ಎಣ್ಣೆ ಹಚ್ಚಿದ ಕಾಗದದಂತೆ ಕೆಂಪಗೆ ಬೆಳಗಿತು. ಹುಬ್ಬಿನ ಮೇಲೆ, ಕತ್ತಲಾದ ಹಣೆಯಲ್ಲಿ, ಬೆಳಕಿನ ಒಂದೇ ಒಂದು ಚುಕ್ಕೆ ಎದ್ದಿತು. ಮೂಳೆಯಕ್ಕನ ಕೈ ತಾನಾಗಿ ಎದೆಗೆ ಹೋಯಿತು. ಇನ್ನೊಂದು ಬುರುಡೆ ತಂದಿಟ್ಟಳು: ಎರಡು ಚುಕ್ಕೆ, ಒಂದು ದೊಡ್ಡದು, ಒಂದು ಅದರ ತಂಗಿಯಂಥದ್ದು. ಇನ್ನೊಂದರಲ್ಲಿ ಮೂರು. ಮುಂದಿನದರಲ್ಲಿ ಏನೂ ಇಲ್ಲ, ಅಂಚಿನ ಕಚ್ಚಿನಲ್ಲಿ ಬೆಳಕು ತುಳುಕಿತು ಅಷ್ಟೆ.

"ಎಲ್ಲರ ಹಣೆಬರಹ ಒಂದೇ ಅಲ್ಲ ಅಂತಾರಲ್ಲ" ಎಂದರು ಮೇಡಂ, ಕತ್ತಲಲ್ಲಿ. "ಸುಳ್ಳಲ್ಲ ನೋಡಿ."

ಮೂಳೆಯಕ್ಕ ಕಪಾಟಿನ ಸಾಲುಗಳ ಕಡೆ ತಿರುಗಿದಳು. ಇವರೆಲ್ಲ ಬದುಕಿದ್ದವರು. ಪೇಟೆಗೆ ಹೋದವರು, ಜಗಳವಾಡಿದವರು, ಮಕ್ಕಳಿಗೆ ಗದರಿದವರು. ಹಣೆಯ ಮೇಲೆ ಹೀಗೊಂದು ಗುರುತು ಇಟ್ಟುಕೊಂಡು ಓಡಾಡಿದ್ದರು. ಅವರಿಗೂ ಗೊತ್ತಿರಲಿಲ್ಲ, ಅವರ ತಾಯಂದಿರಿಗೂ ಗೊತ್ತಿರಲಿಲ್ಲ. ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ಎದುರು ಕೂತವರ ಹಣೆಗಳನ್ನೇ ನೋಡುತ್ತ ಇಳಿಯುವ ಸ್ಟಾಪ್ ದಾಟಿಸಿಕೊಂಡಳು.

ಅರವತ್ತೇಳನೆಯ ಬುರುಡೆ ಬಂದದ್ದು ಒಂದು ಗುರುವಾರ. ಬಲಗಡೆ ಅಂಚಿನಲ್ಲಿ ಚೆನ್ನಾಗಿ ಕಾಣುವ ಕಚ್ಚು ಇತ್ತು. ಮೇಡಂ ಅದನ್ನು ಅಳೆದು ಮುಗಿಸಿ ಮುಂದಿನದಕ್ಕೆ ಕೈ ಚಾಚಿದರು. ಮೂಳೆಯಕ್ಕ ಮಾತ್ರ ಬ್ರಷ್ಷನ್ನು ಇನ್ನೂ ಮೇಲಕ್ಕೆ ಆಡಿಸುತ್ತಿದ್ದಳು. ಅಂಚಿನಿಂದ ಒಂದೂವರೆ ಬೆರಳು ಮೇಲೆ, ಸ್ವಲ್ಪ ಹೊರಗೆ, ಧೂಳು ಬಿಟ್ಟ ಜಾಗದಲ್ಲಿ ಒಂದು ಚುಕ್ಕೆ. ಅವಳು ನೈಲಾನ್ ಎಳೆಯ ತುದಿ ಇಟ್ಟಳು. ಎಳೆ ಒಳಗೆ ಹೋಯಿತು, ಹೋಗುತ್ತಲೇ ಇತ್ತು, ಕೊನೆಗೆ ಕಣ್ಣುಗೂಡಿನ ಒಳಗೆ ತುದಿ ಕಾಣಿಸಿಕೊಂಡಿತು. ಚುಕ್ಕೆಯಿಂದ ಮೇಲಕ್ಕೆ, ಹಣೆಯ ಮೇಲೆ, ಸಣ್ಣ ನೀರಿನ ಜಾಡಿನಂಥ ಗೆರೆ.

"ಮೇಡಂ, ಇದೇನು?"

ಮೇಡಂ ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇವರ ನರ ಒಳಗೇ ಕವಲಾಗಿದೆ. ಒಂದು ಕವಲು ಕೆಳಗಿನ ಕಚ್ಚಿನಲ್ಲಿ ಬಂದಿದೆ. ಇನ್ನೊಂದು ತನ್ನದೇ ದಾರಿ ಕೊರಕೊಂಡು ಇಷ್ಟು ಮೇಲೆ ಬಂದಿದೆ. ನೆತ್ತಿಗೆ ಹೋಗೋದು ಇದೇ ಕವಲು."

ಮೂಳೆಯಕ್ಕ ಕೆಳಗಿನ ಕಚ್ಚಿನ ಮೇಲೆ ಬೆರಳಿಟ್ಟಳು. "ಮೇಡಂ, ಇವರಿಗೆ ಕೆಳಗಿನ ಕಚ್ಚಿಗೆ ಔಷಧಿ ಚುಚ್ಚಿದ್ದರೆ ಈ ಮೇಲಿನದು ಸುಮ್ಮನಾಗ್ತಿತ್ತಾ?"

"ಆಗ್ತಿರಲಿಲ್ಲ. ಹುಬ್ಬು ಮರಗಟ್ಟುತ್ತೆ, ನೆತ್ತಿ ನೋವು ಹಾಗೇ ಇರುತ್ತೆ." ಹೇಳುತ್ತ ಹೇಳುತ್ತಲೇ ಮೇಡಂ ಅವಳ ಮುಖ ನೋಡಿದರು. "ಯಾಕೆ ಅಕ್ಕ?"

ಅವಳು ಸ್ಟೂಲಿನ ಮೇಲೆ ಕೂತಳು. ಆರು ವರ್ಷದ್ದನ್ನೆಲ್ಲ ಹೇಳಿದಳು. ಅತ್ತೆ ನರಳಿದಾಗ ತಾನು ಪಾತ್ರೆ ತೊಳೆದು ಮುಗಿಸಿಕೊಂಡು ಏಳುತ್ತಿದ್ದದ್ದನ್ನೂ ಮುಚ್ಚಿಡಲಿಲ್ಲ.

ಅಂದು ಸಂಜೆ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಲಗಡೆಯನ್ನು ಗಾಳಿಗೆ ಮರೆಮಾಡಿಕೊಂಡು ಕೂತಿದ್ದರು. ಸೊಸೆ ಎದುರಿಗೆ ನೆಲದ ಮೇಲೆ ಕೂತಳು.

"ಅತ್ತೆ, ನಿಮ್ಮ ಹಣೆ ಮುಟ್ಟಿ ನೋಡಬೇಕು."

"ಜ್ವರ ಇಲ್ಲ ನಂಗೆ."

"ಜ್ವರಕ್ಕಲ್ಲ."

"ಯಾವುದಕ್ಕಾದ್ರೂ ಆಗಲಿ. ಆ ಕೈಯಲ್ಲಿ ಬೇಡ ಅಂದಿದ್ದೀನಲ್ಲ."

ಅವಳು ಒತ್ತಾಯ ಮಾಡಲಿಲ್ಲ. ಮೂಳೆಕೋಣೆಯ ಮಾತನ್ನು ಅವಳು ಎಂದೂ ಮನೆಗೆ ತಂದವಳಲ್ಲ. ಅಂದು ಮೊದಲ ಸಲ ತಂದಳು. ಕಪ್ಪು ಪರದೆ ಎಳೆದದ್ದು, ಟಾರ್ಚ್ ಹಿಡಿದದ್ದು, ಹಣೆಯಲ್ಲಿ ಚುಕ್ಕೆ ಎದ್ದದ್ದು, ಒಬ್ಬರಿಗೆ ಒಂದು, ಒಬ್ಬರಿಗೆ ಮೂರು, ಒಬ್ಬರಿಗೆ ಎಡಕ್ಕೊಂದು ಬಲಕ್ಕೊಂದು ಬಗೆ. ಅತ್ತೆ ಮೊದಲು ಗೋಡೆ ನೋಡುತ್ತ ಕೇಳಿದರು. ಅರವತ್ತೇಳನೆಯದರ ಮಾತು ಬರುವ ಹೊತ್ತಿಗೆ ಅವಳನ್ನೇ ನೋಡುತ್ತಿದ್ದರು.

"ಅಂದ್ರೆ, ಒಂದೇ ಚಂದಾದಾರನಿಗೆ ಎರಡು ಲೈನು" ಎಂದರು.

"ಹೌದು."

"ಡಾಕ್ಟರ್ ಕೆಳಗಿನ ಲೈನ್ ಕಟ್ ಮಾಡಿದ್ರು. ಮೇಲಿಂದು ಬಾರಿಸ್ತಾನೇ ಇತ್ತು."

"ಇರಬಹುದು ಅತ್ತೆ. ಖಂಡಿತ ಅಂತ ಹೇಳಲಾರೆ."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, "ಕೈ ತೊಳ್ಕೊಂಡಿದ್ದೀಯಾ?" ಎಂದು ಕೇಳಿದರು.

"ಎರಡು ಸಲ."

"ಸರಿ, ನೋಡು."

ಅವಳು ಮೊದಲು ಎಡಹುಬ್ಬಿನ ಕೆಳಗೆ ಬೆರಳಿಟ್ಟಳು. ಕಚ್ಚು ಸಿಕ್ಕಿತು. ಬಲಗಡೆಯೂ ಸಿಕ್ಕಿತು. ಅಲ್ಲಿಂದ ಬೆರಳನ್ನು ಕೂದಲೆಳೆ ಕೂದಲೆಳೆಯಾಗಿ ಮೇಲಕ್ಕೆ ತಂದಳು. ಅತ್ತೆಯ ಚರ್ಮ ತೆಳುವಾಗಿತ್ತು, ಒಣಗಿತ್ತು, ಅವಳು ನೆನೆಸಿದ್ದಕ್ಕಿಂತ ಬೆಚ್ಚಗಿತ್ತು. ಒಂದು ಬೆರಳು ಮೇಲೆ ಏನೂ ಇರಲಿಲ್ಲ. ಇನ್ನೂ ಸ್ವಲ್ಪ ಮೇಲೆ, ಹೊರಗೆ, ಬೆರಳ ತುದಿಗೆ ಅಕ್ಕಿಕಾಳು ಒತ್ತಿ ತೆಗೆದ ಜಾಗದಂಥ ಒಂದು ತಗ್ಗು ತಾಗಿತು. ಅವಳು ಒತ್ತಲೂ ಇಲ್ಲ. ಅತ್ತೆ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಲ್ಲೇ" ಎಂದರು. "ಅಲ್ಲೇ. ಆರು ವರ್ಷದಿಂದ ಅಲ್ಲೇ."

ಉಸಿರಾಡುವ, ಮಾತಾಡುವ ಒಂದು ಹಣೆಯ ಒಳಗೆ ಆ ಕಿಂಡಿ ಇತ್ತು. ಅದರ ಮೇಲೆ ಅವಳ ಬೆರಳಿತ್ತು. ಅತ್ತೆ ಸುಳ್ಳು ಹೇಳಿರಲಿಲ್ಲ.

"ನಾನು ನಂಬಿರಲಿಲ್ಲ ಅತ್ತೆ" ಎಂದಳು.

"ಗೊತ್ತು" ಎಂದರು ಅತ್ತೆ. "ನಾನೂ ಒಂದೊಂದು ದಿನ ನಂಬ್ತಿರಲಿಲ್ಲ."

ಮರುದಿನ ಮೇಡಂ ಎಲ್ಲ ಕೇಳಿಸಿಕೊಂಡು, "ಬರೀ ಬೆರಳನ್ನ ನಂಬೋದು ಬೇಡ, ಹಳೇ ಸ್ಕ್ಯಾನ್ ಇದ್ದರೆ ತಗೊಳ್ಳಿ, ನಾನೂ ಬರ್ತೀನಿ" ಎಂದರು. ನೋವಿನ ಡಾಕ್ಟರ್ ಮೊದಲು ಅಷ್ಟಾಗಿ ಕಿವಿಗೊಡಲಿಲ್ಲ. ಆದರೂ ಆರು ವರ್ಷದ ಹಿಂದಿನ ಸ್ಕ್ಯಾನನ್ನು ಕಂಪ್ಯೂಟರಿಗೆ ಹಾಕಿ, ಮೂಳೆಯನ್ನು ಪದರ ಪದರವಾಗಿ ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಹೋದರು. ಬಿಳಿ ಹಣೆಯ ಅಂಚು ಬಂತು, ಕಚ್ಚು ಬಂದು ಹೋಯಿತು. ಅವರು ನಿಲ್ಲಿಸುವವರಿದ್ದರು. "ಇನ್ನೂ ಮೇಲೆ" ಎಂದಳು ಮೂಳೆಯಕ್ಕ. ಹಲವು ಪದರಗಳ ಮೇಲೆ, ಬಿಳಿಯ ನಡುವೆ ಒಂದು ಕರಿಯ ಚುಕ್ಕೆ ಕಾಣಿಸಿತು. ಪದರ ಸರಿದಂತೆ ಅದು ಸರಿಯಿತು, ಒಂದು ದಾರಿಯಾಯಿತು, ಹಣೆಯ ಹೊರಗೆ ಬಾಯಿ ತೆರೆಯಿತು.

ಡಾಕ್ಟರ್ ಆ ದಾರಿ ಕಂಡ ಪದರಗಳನ್ನು ಹಿಂದೆ ಮುಂದೆ ಮಾಡಿ ಮಾಡಿ ನೋಡಿದರು.

"ಇದನ್ನ ನಾನು ಆವತ್ತೂ ನೋಡಿದ್ದೆ" ಎಂದರು ಕೊನೆಗೆ. "ಯಾವುದೋ ರಕ್ತನಾಳದ ತೂತು ಅಂತ ಬಿಟ್ಟಿದ್ದೆ." ಕುರ್ಚಿ ತಿರುಗಿಸಿ ಅತ್ತೆಯ ಕಡೆ ನೋಡಿದರು. "ಮನಸ್ಸಿಂದು ಅಂದಿದ್ದೆ ನಿಮಗೆ. ತಪ್ಪಾಯ್ತು ಅಮ್ಮ."

"ರಾಂಗ್ ನಂಬರ್ ಎಲ್ಲರಿಗೂ ಆಗುತ್ತೆ" ಎಂದರು ಅತ್ತೆ. "ಈಗ ಸರಿಯಾದ್ದಕ್ಕೆ ಹಾಕಿ."

ಸೂಜಿ ಹೋಗುವಾಗ ಅತ್ತೆ ಹಲ್ಲು ಕಚ್ಚಿ ಕೂತರು. ಹತ್ತು ನಿಮಿಷ ಕಾಯಬೇಕೆಂದರು ಡಾಕ್ಟರ್. ಗೋಡೆಯ ಗಡಿಯಾರ ನೋಡುತ್ತ ಎಲ್ಲರೂ ಕೂತರು. ಏಳನೆಯ ನಿಮಿಷಕ್ಕೆ ಅತ್ತೆ ಮೆಲ್ಲಗೆ ಎದ್ದು, ಮೂಲೆಯಲ್ಲಿ ತಿರುಗುತ್ತಿದ್ದ ಟೇಬಲ್ ಫ್ಯಾನಿನ ಎದುರು ಹೋಗಿ ನಿಂತರು. ಬಲಗಡೆಯನ್ನು ಗಾಳಿಗೆ ಒಡ್ಡಿದರು. ಗಾಳಿ ಕೂದಲನ್ನು ಎತ್ತಿತು, ಇಳಿಸಿತು. ಅವರು ಸರಿಯಲಿಲ್ಲ.

"ಬಾಚಣಿಗೆ ಇದೆಯಾ?" ಎಂದು ಸೊಸೆಯನ್ನು ಕೇಳಿದರು.

ಅವಳು ಚೀಲದಿಂದ ತೆಗೆದುಕೊಟ್ಟಳು. ಅತ್ತೆ ಅಲ್ಲೇ ಫ್ಯಾನಿನೆದುರು ನಿಂತು ಬಲಗಡೆಯ ಕೂದಲಿಗೆ ಬಾಚಣಿಗೆ ಇಟ್ಟರು. ಮೊದಲ ಎಳೆತಕ್ಕೆ ಕಣ್ಣು ಮುಚ್ಚಿಕೊಂಡರು, ರೂಢಿಯಿಂದ. ಎರಡನೆಯದಕ್ಕೆ ಕಣ್ಣು ತೆರೆದೇ ಇತ್ತು. ಸಿಕ್ಕು ಬಿಡಿಸಿ, ನುಣ್ಣಗೆ ಬಾಚಿ, ಎಡಗಡೆಯಷ್ಟೇ ನೀಟಾಗುವವರೆಗೂ ಕೈ ನಿಲ್ಲಿಸಲಿಲ್ಲ. ನೋಡುತ್ತಿದ್ದ ಡಾಕ್ಟರ್ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ನೋವು ಪೂರ್ತಿ ಹೋಗಲಿಲ್ಲ. ಔಷಧಿಯ ಪ್ರಭಾವ ಇಳಿದ ಮೇಲೆ ಮತ್ತೆ ಬಂತು, ಮತ್ತೆ ಚುಚ್ಚಿಸಬೇಕಾಯಿತು. ನಾಲ್ಕು ತಿಂಗಳಲ್ಲಿ ರೂಪಾಯಿಗೆ ನಾಲ್ಕಾಣೆಯಷ್ಟು ಉಳಿದಿತ್ತು. ಅಷ್ಟನ್ನು ಬೈದುಕೊಂಡು ಇಟ್ಟುಕೊಳ್ಳಬಹುದು ಎಂದರು ಅತ್ತೆ. ಮಗ ಒಂದು ದಿನ ರಜೆ ಹಾಕಿ, ಅಮ್ಮನ ಕುರ್ಚಿಯ ಪಕ್ಕ ಸುಮ್ಮನೆ ಕೂತು ಎದ್ದುಹೋದ. ತಪ್ಪಾಯ್ತೆನ್ನುವ ಮಾತು ಅವನಿಗೆ ಬರುತ್ತಿರಲಿಲ್ಲ, ಅದು ಅಮ್ಮನಿಗೂ ಗೊತ್ತಿತ್ತು.

ಆಮೇಲೊಂದು ಶನಿವಾರ, ಕಾಲೇಜಿಗೆ ಅರ್ಧ ದಿನ ರಜೆಯಿದ್ದಾಗ, ಅತ್ತೆ ಬೆಳಿಗ್ಗೆಯೇ ಬಟ್ಟೆ ಬದಲಾಯಿಸಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನನ್ನನ್ನೂ ಕರಕೊಂಡು ಹೋಗು. ಆ ಅರವತ್ತೇಳನ್ನ ನೋಡಬೇಕು."

ಮೇಡಂ ಒಪ್ಪಿದರು. ಅತ್ತೆ ಮೂಳೆಕೋಣೆಯ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ನಾಲ್ಕು ಗೋಡೆಯ ಕಪಾಟುಗಳನ್ನು ಸಾಲು ಸಾಲಾಗಿ ನೋಡಿ, ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಸೊಸೆ ಅರವತ್ತೇಳನ್ನು ಎರಡೂ ಕೈಯಲ್ಲಿ ತಂದು ಮರಳುಚೀಲದ ಮೇಲಿಟ್ಟಳು.

"ಇವರು ಯಾರು?"

"ಗೊತ್ತಿಲ್ಲ ಅತ್ತೆ. ನಾನು ಸೇರೋಕ್ಕಿಂತ ಮುಂಚೆ ಬಂದವರು. ಹೆಂಗಸು ಅಂತಾರೆ ಮೇಡಂ."

"ಇವರಿಗೂ ನೋವಿತ್ತಾ?"

"ಮೂಳೆ ನೋಡಿ ಅದು ಹೇಳೋಕಾಗಲ್ಲ ಅಮ್ಮ" ಎಂದರು ಮೇಡಂ. "ತುಂಬ ಜನಕ್ಕೆ ಹೀಗಿದ್ದೂ ಏನೂ ಆಗಿರಲ್ಲ."

ಅತ್ತೆ ತಲೆಯಾಡಿಸಿದರು. ಸೊಸೆ ಪರದೆ ಎಳೆದಳು. ಟಾರ್ಚ್ ಹಿಡಿದಾಗ ಕಣ್ಣುಗೂಡು ಕೆಂಪಾಯಿತು, ಅಂಚಿನ ಕಚ್ಚಿನಲ್ಲಿ ಬೆಳಕು ತುಳುಕಿತು. ಮೇಲಿನ ಕಿಂಡಿಯ ದಾರಿ ಉದ್ದ, ಓರೆ; ಮೊದಲು ಏನೂ ಕಾಣಲಿಲ್ಲ. ಅವಳು ಟಾರ್ಚನ್ನು ಚೂರು ಚೂರೇ ಹೊರಳಿಸಿದಳು. ಆಗ ಹಣೆಯ ಎತ್ತರದಲ್ಲಿ, ಸೂಜಿಯ ಮೊನೆಯಷ್ಟು ಬೆಳಕು ಹುಟ್ಟಿತು.

ಅತ್ತೆ ಅದನ್ನು ನೋಡುತ್ತಲೇ ಇದ್ದರು. ಮೂವತ್ತು ವರ್ಷ, ಕರೆ ಬಂದಾಗಲೆಲ್ಲ ಬೋರ್ಡಿನ ಮೇಲೆ ಬೆಳಕು ಹತ್ತುವುದನ್ನು ನೋಡಿದ ಕಣ್ಣುಗಳು ಅವು.

"ಇದರ ಪಕ್ಕದ್ದು ಹೇಗಿದೆ?" ಎಂದು ಕೇಳಿದರು.

ಅರವತ್ತೆಂಟಕ್ಕೆ ಎಡಗಡೆ ಎರಡು, ಬಲಗಡೆ ಒಂದು. ಅರವತ್ತೊಂಬತ್ತಕ್ಕೆ ಎರಡೂ ಕಡೆ ಕಚ್ಚು, ಎಡಗಡೆಯದು ಇನ್ನೇನು ಮುಚ್ಚಿಕೊಳ್ಳಬೇಕು ಎನ್ನುವಂತಿತ್ತು. ಎಪ್ಪತ್ತನೆಯದನ್ನು ಸೊಸೆ ತರುವಷ್ಟರಲ್ಲಿ ಅತ್ತೆ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಟಾರ್ಚಿಗೆ ಕೈ ಚಾಚಿದ್ದರು. ಕಾವಲಿನವನು ಬಂದು ಬೀಗ ಹಾಕುವ ಹೊತ್ತಾಯಿತೆಂದು ಬಾಗಿಲು ತಟ್ಟುವವರೆಗೆ ಹತ್ತೊಂಬತ್ತು ನೋಡಿದ್ದರು. ಒಂದರಂತೆ ಇನ್ನೊಂದಿರಲಿಲ್ಲ.